ನ್ಯೂಟ್ರಾನ್ ಕಳೆದುಕೊಂಡದ್ದು ಎಷ್ಟು?

ಗೋಕಾಕ ತಾಲೂಕಿನ ಮಮದಾಪುರದಲ್ಲಿ ಕಬ್ಬಿಗೆ ನೀರು ಹಾಯಿಸುವ ಮೋಟಾರಿಗೆ ಬರುವ ಕರೆಂಟು ಯಾವ ಕೇಂದ್ರದ್ದು ಎಂದು ಬಿಡಿಸಿ ಹೇಳಲಾಗದು. ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು, ಗುಡ್ಡಗಳ ಮೇಲಿನ ಗಾಳಿಯಂತ್ರ ಎಲ್ಲವೂ ಒಂದೇ ಜಾಲದಲ್ಲಿ ಬೆರೆತಿರುತ್ತವೆ. ಆ ಜಾಲದಲ್ಲಿ ಕೈಗಾದ ಪಾಲೂ ಇದೆ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಅಲ್ಲಿಂದ ಧಾರವಾಡದ ಮಗ್ಗುಲಿನ ನರೇಂದ್ರ ಉಪಕೇಂದ್ರಕ್ಕೆ 400 ಕಿಲೋವೋಲ್ಟಿನ ಮಾರ್ಗ ಬರುತ್ತದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಘಟಪ್ರಭೆಯ ಧುಮುಕುವ ನೀರಿನಿಂದ ಗಿರಣಿ ನಡೆಸಿದ ಸೀಮೆ ಇದು. ನೀರಿನ ಶಕ್ತಿಯ ಲೆಕ್ಕ ಇಲ್ಲಿಯವರಿಗೆ ಹೊಸದಲ್ಲ: ಬೀಳುವ ಎತ್ತರ ಗೊತ್ತು, ಹರಿವು ಗೊತ್ತು, ಉಳಿದದ್ದು ಗುಣಾಕಾರ. ಕೈಗಾದ ಲೆಕ್ಕ ಹಾಗಲ್ಲ. ಅದು ನಿಂತಿರುವುದು ವಿದ್ಯುದಾವೇಶವಿಲ್ಲದ ನ್ಯೂಟ್ರಾನ್ ಎಂಬ ಕಣ ಯಾವ ಪರಮಾಣುವಿಗೆ ಬಡಿಯಿತು, ಬಡಿದು ಎಷ್ಟು ಶಕ್ತಿ ಕಳೆದುಕೊಂಡಿತು ಎಂಬ ಸಾವಿರಾರು ಅಂಕಿಗಳ ಮೇಲೆ. ಚಾಡ್ವಿಕ್ 1932ರಲ್ಲಿ ಈ ಕಣವನ್ನು ಕಂಡುಹಿಡಿದು ತೊಂಬತ್ತು ವರ್ಷ ದಾಟಿದರೂ ಆ ಅಂಕಿಗಳಲ್ಲಿ ಒಂದು ಬಗೆಯವು ನಮಗೆ ಬೇಕಾದಷ್ಟು ನಿಖರವಾಗಿ ಸಿಕ್ಕಿಲ್ಲ. ಅವನ್ನು ಊಹಿಸಿ, ಹೊಂದಿಸಿ, ಸರಿದೂಗಿಸಿ ಕೆಲಸ ಸಾಗಿಸುವುದು ಸಾಲದು. ಒಂದೊಂದನ್ನೂ ನೇರವಾಗಿ ಅಳೆಯಬೇಕು, ಆ ಕೆಲಸದಲ್ಲಿ ನಮ್ಮ ವಿಶ್ವವಿದ್ಯಾಲಯಗಳೂ ಕೈಜೋಡಿಸಬೇಕು ಎಂಬುದು ಈ ಬರಹದ ವಾದ.

ಮೊದಲು ವಿಷಯ ಏನೆಂದು ನೋಡೋಣ. ನ್ಯೂಟ್ರಾನ್ ಒಂದು ಪರಮಾಣುವಿನ ನ್ಯೂಕ್ಲಿಯಸ್ಸಿಗೆ ತಾಗಿ ದಿಕ್ಕು ಬದಲಿಸಿ ಹೋಗುವುದಕ್ಕೆ ಚದರಿಕೆ ಎನ್ನುತ್ತೇವೆ. ಇದರಲ್ಲಿ ಎರಡು ಬಗೆ. ನ್ಯೂಕ್ಲಿಯಸ್ಸು ಇದ್ದ ಸ್ಥಿತಿಯಲ್ಲೇ ಉಳಿದು, ಹಿಮ್ಮೆಟ್ಟುವಷ್ಟು ಚಲನಶಕ್ತಿಯನ್ನು ಮಾತ್ರ ಪಡೆದರೆ ಅದು ಸ್ಥಿತಿಸ್ಥಾಪಕ ಚದರಿಕೆ. ಇಲ್ಲಿ ನ್ಯೂಟ್ರಾನ್ ಎಷ್ಟು ಕಳೆದುಕೊಳ್ಳಬಹುದು ಎಂಬುದು ತೂಕದ ಮಾತು. ತನ್ನಷ್ಟೇ ತೂಗುವ ಹೈಡ್ರೋಜನ್ನಿಗೆ ನೇರ ಬಡಿದರೆ ಬಹುಪಾಲು ಎಲ್ಲವನ್ನೂ ಕೊಟ್ಟುಬಿಡುತ್ತದೆ. ಯುರೇನಿಯಂ-238ಕ್ಕೆ ಬಡಿದರೆ ಹೆಚ್ಚೆಂದರೆ ಶೇಕಡಾ 1.7. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲೂ ಗುಂಡ್ಲುಪೇಟೆ ಕಡೆಯ ಬೇರಂಬಾಡಿಯಲ್ಲೂ ಮಣ್ಣಿನ ತೇವವನ್ನು ಅಳೆಯಲು ನಿಲ್ಲಿಸಿದ ಕಾಸ್ಮಿಕ್ ಕಿರಣದ ನ್ಯೂಟ್ರಾನ್ ಸಂವೇದಕಗಳು ಇದೇ ನಿಯಮವನ್ನು ದುಡಿಸಿಕೊಳ್ಳುತ್ತವೆ: ನೆಲದಲ್ಲಿ ನೀರು ಹೆಚ್ಚಿದ್ದಷ್ಟೂ ಅದರ ಹೈಡ್ರೋಜನ್ನು ವೇಗದ ನ್ಯೂಟ್ರಾನ್‌ಗಳನ್ನು ತಡೆದು ನಿಧಾನಿಸುತ್ತದೆ, ಮೇಲೆ ಎಣಿಕೆಗೆ ಸಿಗುವವು ಕಡಿಮೆಯಾಗುತ್ತವೆ. ಎರಡನೆಯದು ಅಸ್ಥಿತಿಸ್ಥಾಪಕ ಚದರಿಕೆ. ಇಲ್ಲಿ ನ್ಯೂಕ್ಲಿಯಸ್ಸು ತನ್ನೊಳಗೇ ಒಂದು ಮೆಟ್ಟಿಲು ಮೇಲಕ್ಕೆ ಏರುತ್ತದೆ, ಆ ಮೆಟ್ಟಿಲಿನ ಬೆಲೆಯನ್ನು ನ್ಯೂಟ್ರಾನ್ ಪೂರ್ತಿಯಾಗಿ ತೆತ್ತು ಬಡವಾಗಿ ಹೊರಬೀಳುತ್ತದೆ, ಏರಿದ ನ್ಯೂಕ್ಲಿಯಸ್ಸು ಆಮೇಲೆ ಗಾಮಾ ಕಿರಣ ಬಿಟ್ಟು ಕೆಳಗಿಳಿಯುತ್ತದೆ. ಕನ್ನಡಿಗರಿಗೆ ಇದರ ಹೋಲಿಕೆ ಹೊರಗೆಲ್ಲೂ ಹುಡುಕಬೇಕಿಲ್ಲ. 1933ರಿಂದ ಬೆಂಗಳೂರಿನಲ್ಲೇ ನೆಲೆನಿಂತ ಸಿ.ವಿ. ರಾಮನ್ 1928ರಲ್ಲಿ ಕಂಡದ್ದು ಬೆಳಕಿನ ಅಸ್ಥಿತಿಸ್ಥಾಪಕ ಚದರಿಕೆಯನ್ನೇ: ಬೆಳಕು ಅಣುವಿಗೆ ತನ್ನ ಶಕ್ತಿಯ ಒಂದು ನಿಶ್ಚಿತ ತುಂಡನ್ನು ಕೊಟ್ಟು ಬೇರೆ ಬಣ್ಣದಲ್ಲಿ ಹೊರಡುತ್ತದೆ. ಬೆಳಕಿನ ಜಾಗದಲ್ಲಿ ನ್ಯೂಟ್ರಾನನ್ನೂ ಅಣುವಿನ ಜಾಗದಲ್ಲಿ ನ್ಯೂಕ್ಲಿಯಸ್ಸನ್ನೂ ಇಟ್ಟರೆ ನಮ್ಮ ವಿಷಯ ಬಂತು.

ಮೆಟ್ಟಿಲುಗಳ ಎತ್ತರ ಒಂದೊಂದು ನ್ಯೂಕ್ಲಿಯಸ್ಸಿಗೆ ಒಂದೊಂದು. ಇಂಗಾಲ-12ರ ಮೊದಲ ಮೆಟ್ಟಿಲು 4,440 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ; ಆಮ್ಲಜನಕ-16ರದು ಆರು ಸಾವಿರಕ್ಕೂ ಮೇಲೆ. ಕಬ್ಬಿಣ-56ರದು 847, ಸೋಡಿಯಂನದು 440. ಭಾರದ ಲೋಹಗಳಿಗೆ ಬಂದರೆ ಮೆಟ್ಟಿಲು ಹೊಸ್ತಿಲಷ್ಟೇ: ಯುರೇನಿಯಂ-238ಕ್ಕೆ ಬರೀ 45, ಥೋರಿಯಂ-232ಕ್ಕೆ 49. ನ್ಯೂಕ್ಲಿಯಸ್ಸು ಒಡೆಯುವ ವಿದಳನದಲ್ಲಿ ಹುಟ್ಟುವ ನ್ಯೂಟ್ರಾನ್‌ನ ಸರಾಸರಿ ಶಕ್ತಿ ಸುಮಾರು 2,000 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ 2 ಮೆಗಾ. ಅದು ಇಂಗಾಲವನ್ನು ಏರಿಸಲಾರದು, ಕಬ್ಬಿಣವನ್ನು ಏರಿಸಬಲ್ಲದು, ಯುರೇನಿಯಂನಲ್ಲಂತೂ ಹತ್ತಾರು ಮೆಟ್ಟಿಲುಗಳ ನಡುವೆ ಆಯ್ಕೆ ಇದೆ. ಕೆಲವು ಹತ್ತು ಕಿಲೋದಿಂದ ಕೆಲವು ಮೆಗಾ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಈ ಹರವನ್ನೇ ನ್ಯೂಕ್ಲಿಯರ್ ಭೌತಶಾಸ್ತ್ರಜ್ಞರು ಕಡಿಮೆ ಶಕ್ತಿ ಎನ್ನುವುದು. ಕಡಿಮೆ ಎಂದರೂ ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ಬೆಳಕಿನ ವೇಗದ ಇಪ್ಪತ್ತರಲ್ಲಿ ಒಂದು ಪಾಲಿನ ಹತ್ತಿರ ಓಡುತ್ತಿರುತ್ತದೆ.

ಈ ಚದರಿಕೆ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದಕ್ಕೆ ಗಣಿಯಿಂದ ತೆಗೆದ ಸಹಜ ಯುರೇನಿಯಂ ಸಾಕ್ಷಿ. ಅದರಲ್ಲಿ ಶೇಕಡಾ 99.3 ಯುರೇನಿಯಂ-238. ಈ 238 ಕೂಡ ಒಡೆಯುತ್ತದೆ. ಆದರೆ ಬಡಿಯುವ ನ್ಯೂಟ್ರಾನ್‌ಗೆ ಸುಮಾರು ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿ ಇರಬೇಕು. ಹುಟ್ಟುವ ನ್ಯೂಟ್ರಾನ್‌ಗಳಲ್ಲಿ ಬಹಳಷ್ಟಕ್ಕೆ ಅಷ್ಟು ಶಕ್ತಿ ಇದ್ದೇ ಇದೆ. ಹಾಗಾದರೆ ಸಹಜ ಯುರೇನಿಯಂನ ದೊಡ್ಡ ಗುಡ್ಡೆ ತಾನಾಗಿಯೇ ಸರಪಳಿ ಕ್ರಿಯೆ ನಡೆಸುವುದಿಲ್ಲವೇಕೆ? ಎರಡು ಮೆಗಾದ ನ್ಯೂಟ್ರಾನ್‌ಗೆ ಯುರೇನಿಯಂ-238 ಒಡೆಯುವ ಸಂಭವವನ್ನು ಸೂಚಿಸುವ ಅಡ್ಡಕೊಯ್ತ ಸುಮಾರು ಅರ್ಧ ಬಾರ್ನ್ (ಬಾರ್ನ್ ಎಂದರೆ ಅಡ್ಡಕೊಯ್ತದ ಅಳತೆಯ ಮಾನ). ಅಸ್ಥಿತಿಸ್ಥಾಪಕವಾಗಿ ಚದರುವ ಅಡ್ಡಕೊಯ್ತ ಮೂರು ಬಾರ್ನಿನ ಆಸುಪಾಸು. ಅಂದರೆ ಒಡೆಯುವ ಅವಕಾಶ ಒಂದಾದರೆ ಶಕ್ತಿ ಕಳೆದುಕೊಂಡು ಆ ಒಂದು ಮೆಗಾದ ಹೊಸ್ತಿಲಿನ ಕೆಳಕ್ಕೆ ಜಾರುವ ಅವಕಾಶ ಐದಾರು. ಬಹುತೇಕ ನ್ಯೂಟ್ರಾನ್‌ಗಳು ಒಡೆಯುವ ಮೊದಲೇ ಬಡವಾಗುತ್ತವೆ, ಸರಪಳಿ ಅಲ್ಲಿಗೇ ಕಡಿಯುತ್ತದೆ. ಕೈಗಾದ ರಚನೆಯೇ ಈ ಸಂಗತಿಗೆ ಕೊಟ್ಟ ಉತ್ತರ. ಅಲ್ಲಿ ಸಹಜ ಯುರೇನಿಯಂನ ತೆಳು ಕಡ್ಡಿಗಳನ್ನು ಕಟ್ಟುಕಟ್ಟಾಗಿ ಇಟ್ಟು ನಡುವೆ ಭಾರಜಲ ತುಂಬಿದ್ದಾರೆ. ನ್ಯೂಟ್ರಾನ್ ಕಡ್ಡಿಯಿಂದ ಹೊರಬಂದು ಭಾರಜಲದ ಡ್ಯೂಟೀರಿಯಂಗೆ ಬಡಿಯುತ್ತದೆ. ಡ್ಯೂಟೀರಿಯಂನ ನ್ಯೂಕ್ಲಿಯಸ್ಸಿಗೆ ಏರಲು ಮೆಟ್ಟಿಲೇ ಇಲ್ಲ. ಹಾಗಾಗಿ ಸ್ಥಿತಿಸ್ಥಾಪಕ ಬಡಿತಗಳಲ್ಲೇ ನಿಧಾನವಾಗಿ, ಶಾಖದ ಮಟ್ಟಕ್ಕಿಳಿದು, ಮರಳಿ ಕಡ್ಡಿಗೆ ಬಂದು, ಅಲ್ಲಿನ ಶೇಕಡಾ 0.7ರಷ್ಟು ಯುರೇನಿಯಂ-235ನ್ನು ಒಡೆಯುತ್ತದೆ.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ಅಂದಿನ ಜಾಗತಿಕ ದಾಖಲೆ ಮಾಡಿತು. ಅಂಕಿಗಳು ಸಾಲದೆ ಇದ್ದಿದ್ದರೆ ಇದು ಹೇಗೆ ಸಾಧ್ಯವಾಯಿತು? ಆಕ್ಷೇಪ ನ್ಯಾಯವಾದದ್ದೇ, ಉತ್ತರವೂ ನೇರವಾಗಿದೆ. ಭಾರಜಲದ ರಿಯಾಕ್ಟರಿನಲ್ಲಿ ವೇಗದ ನ್ಯೂಟ್ರಾನ್‌ಗಳಿಂದ ಆಗುವ ವಿದಳನದ ಪಾಲು ಕೆಲವೇ ಶೇಕಡಾ. ಅಸ್ಥಿತಿಸ್ಥಾಪಕ ಅಂಕಿಯಲ್ಲಿ ಹತ್ತು ಶೇಕಡಾ ತಪ್ಪಿದ್ದರೂ ಒಟ್ಟು ಲೆಕ್ಕಕ್ಕೆ ತಾಗುವುದು ಆ ಸಣ್ಣ ಪಾಲಿನ ಸಣ್ಣ ಪಾಲು. ಆದರೆ ದೇಶದ ಮುಂದಿನ ಹೆಜ್ಜೆ ಕೈಗಾದಂಥದ್ದಲ್ಲ. ಕಲ್ಪಾಕ್ಕಂನಲ್ಲಿ 1985ರಿಂದ ಒಂದು ಸಣ್ಣ ವೇಗದ ಪರೀಕ್ಷಾ ರಿಯಾಕ್ಟರ್ ಇದೆ; ಅಲ್ಲಿಯೇ ಕಟ್ಟಿದ 500 ಮೆಗಾವಾಟಿನ ವೇಗದ ಬ್ರೀಡರ್ ರಿಯಾಕ್ಟರಿಗೆ 2024ರ ಮಾರ್ಚಿನಲ್ಲಿ ಒಡಲು ತುಂಬುವ ಕೆಲಸ ಶುರುವಾಯಿತು. ಇಂಥ ರಿಯಾಕ್ಟರಿನಲ್ಲಿ ನ್ಯೂಟ್ರಾನನ್ನು ನಿಧಾನಿಸುವ ಭಾರಜಲ ಇಲ್ಲ, ಬೇಕೆಂತಲೇ ಇಟ್ಟಿಲ್ಲ. ಅಲ್ಲಿ ವೇಗದ ನ್ಯೂಟ್ರಾನ್‌ಗೆ ದೊಡ್ಡ ಪೆಟ್ಟು ಕೊಡುವುದು ಇಂಧನದ ಯುರೇನಿಯಂ-238, ಉಕ್ಕಿನ ಕಬ್ಬಿಣ, ಶಾಖ ಒಯ್ಯುವ ದ್ರವ ಸೋಡಿಯಂ, ಈ ಮೂರರ ಅಸ್ಥಿತಿಸ್ಥಾಪಕ ಚದರಿಕೆಯೇ. ಸುರಕ್ಷತೆಯ ದೃಷ್ಟಿಯಿಂದ ಅಲ್ಲಿ ಕೇಳುವ ಮುಖ್ಯ ಪ್ರಶ್ನೆಗಳಲ್ಲೊಂದು: ಸೋಡಿಯಂ ಕುದ್ದು ಒಂದು ಭಾಗ ಖಾಲಿಯಾದರೆ ಕ್ರಿಯೆ ಏರುತ್ತದೋ ಇಳಿಯುತ್ತದೋ? ಸೋಡಿಯಂ ಹೋದರೆ ನ್ಯೂಟ್ರಾನ್‌ಗಳು ಕಡಿಮೆ ಶಕ್ತಿ ಕಳೆದುಕೊಳ್ಳುತ್ತವೆ, ಅದು ಕ್ರಿಯೆಯನ್ನು ಏರಿಸುವ ಕಡೆಗೆ ಎಳೆಯುತ್ತದೆ. ಅದೇ ಹೊತ್ತಿಗೆ ಹೆಚ್ಚು ನ್ಯೂಟ್ರಾನ್‌ಗಳು ಹೊರಕ್ಕೆ ಸೋರುತ್ತವೆ, ಅದು ಇಳಿಸುವ ಕಡೆಗೆ. ಉತ್ತರ ಎಂದರೆ ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ. ದೊಡ್ಡ ಸಂಖ್ಯೆಯಲ್ಲಿನ ಹತ್ತು ಶೇಕಡಾ ತಪ್ಪು ಆ ಸಣ್ಣ ವ್ಯತ್ಯಾಸವನ್ನು ನುಂಗಿಬಿಡಬಲ್ಲದು. ಕೈಗಾದ ಓಟ ಕೈಗಾಕ್ಕೆ ಪ್ರಮಾಣ, ಕಲ್ಪಾಕ್ಕಂಗೆ ಅಲ್ಲ.

ಹಾಗಾದರೆ ಅಳೆಯಲು ಅಡ್ಡಿ ಏನು? ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಈ ಅಂಕಿಗಳು ಇಷ್ಟು ಕಾಲ ಸಡಿಲವಾಗಿ ಉಳಿದದ್ದು ಯಾರದೋ ಸೋಮಾರಿತನದಿಂದಲ್ಲ. ನ್ಯೂಟ್ರಾನ್‌ಗೆ ಆವೇಶವಿಲ್ಲ; ಕಾಂತದಿಂದ ಬಾಗಿಸಿ ಶಕ್ತಿ ಅಳೆಯಲು ಬರುವುದಿಲ್ಲ. ಉಳಿದ ದಾರಿ ಅದರ ಓಟದ ಹೊತ್ತನ್ನು ಅಳೆಯುವುದು. ವೇಗವರ್ಧಕದಿಂದ ಪ್ರೋಟಾನ್‌ಗಳನ್ನು ಮಿಡಿತ ಮಿಡಿತವಾಗಿ ಲಿಥಿಯಂ ಮೇಲೆ ಬಡಿಸಿ ನ್ಯೂಟ್ರಾನ್ ಹುಟ್ಟಿಸುತ್ತಾರೆ, ಅವು ಯುರೇನಿಯಂ ತುಂಡಿಗೆ ತಾಗಿ ಚದರುತ್ತವೆ, ಕೆಲವು ಮೀಟರ್ ದೂರದಲ್ಲಿಟ್ಟ ಗ್ರಾಹಕಕ್ಕೆ ಯಾವಾಗ ತಲುಪಿದವು ಎಂದು ಗುರುತಿಸುತ್ತಾರೆ. ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ಒಂದು ಮೀಟರ್ ಓಡಲು ಸುಮಾರು 72 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಯುರೇನಿಯಂನ ಮೊದಲ ಮೆಟ್ಟಿಲಿಗೆ 45 ಕಿಲೋ ತೆತ್ತದ್ದಕ್ಕೆ ಸುಮಾರು 74. ಮೂರು ಮೀಟರ್ ಓಡಿಸಿದರೂ ಎರಡರ ನಡುವಿನ ಅಂತರ ಐದು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ಇಪ್ಪತ್ತು ಕೋಟಿಯ ಒಂದು ಪಾಲು. ಪ್ರೋಟಾನ್ ಮಿಡಿತದ ಅಗಲವೇ ಒಂದೆರಡು ನ್ಯಾನೋಸೆಕೆಂಡ್. ಲಿಥಿಯಂ ಪದರ ದಪ್ಪವಿದ್ದಷ್ಟೂ ಹುಟ್ಟುವ ನ್ಯೂಟ್ರಾನ್‌ಗಳ ಶಕ್ತಿ ಹರಡುತ್ತದೆ, ತೆಳುವಿದ್ದರೆ ನ್ಯೂಟ್ರಾನ್ ಸಾಲುವುದಿಲ್ಲ. ಓಟದ ದಾರಿ ಉದ್ದ ಮಾಡಿದರೆ ಅಂತರ ಹೆಚ್ಚುತ್ತದೆ, ಎಣಿಕೆ ಕುಸಿಯುತ್ತದೆ. ಇದರ ಮೇಲೆ ಸ್ಥಿತಿಸ್ಥಾಪಕವಾಗಿ ಚದರಿದ ನ್ಯೂಟ್ರಾನ್‌ಗಳ ಎತ್ತರದ ಶಿಖರ ಪಕ್ಕದಲ್ಲೇ ನಿಂತು ತನ್ನ ಬಾಲವನ್ನು ಈ ಸಣ್ಣ ಶಿಖರದ ಮೇಲೆ ಎಳೆದಿರುತ್ತದೆ.

ಇನ್ನೊಂದು ದಾರಿ ನ್ಯೂಟ್ರಾನನ್ನು ಬಿಟ್ಟು ಗಾಮಾ ಕಿರಣವನ್ನು ಹಿಡಿಯುವುದು. ಏರಿದ ನ್ಯೂಕ್ಲಿಯಸ್ಸು ಇಳಿಯುವಾಗ ಬಿಡುವ ಗಾಮಾದ ಶಕ್ತಿ ಆ ನ್ಯೂಕ್ಲಿಯಸ್ಸಿನ ಹೆಸರೇ ಬರೆದಂತೆ ನಿಖರ. ಶುದ್ಧ ಜರ್ಮೇನಿಯಂ ಗ್ರಾಹಕ ಅದನ್ನು ಸೊಗಸಾಗಿ ಬಿಡಿಸಿ ತೋರಿಸುತ್ತದೆ. ಕಬ್ಬಿಣದ 847ರ ಗೆರೆ ಇದಕ್ಕೆ ಒಳ್ಳೆಯ ಮಾದರಿ. ಬೆಲ್ಜಿಯಂನ ಗೀಲ್‌ನಲ್ಲಿರುವ ಐರೋಪ್ಯ ಒಕ್ಕೂಟದ ಪ್ರಯೋಗಾಲಯದಲ್ಲಿ ಉದ್ದನೆಯ ಓಟದ ದಾರಿಗಳ ತುದಿಗೆ ಜರ್ಮೇನಿಯಂ ಗ್ರಾಹಕಗಳ ಗುಂಪನ್ನಿಟ್ಟು ಕಬ್ಬಿಣದ ಈ ಅಂಕಿಯನ್ನು ಬಹು ಸೂಕ್ಷ್ಮವಾಗಿ ಅಳೆದಿದ್ದಾರೆ. ಅಲ್ಲಿ ಕಂಡದ್ದು ನುಣುಪಾದ ವಕ್ರರೇಖೆಯಲ್ಲ, ಹೊಸ್ತಿಲು ದಾಟಿದ ಕೂಡಲೇ ಏರುಪೇರಾಗುವ ದಟ್ಟ ಹಲ್ಲುಸಾಲು. ಯುರೇನಿಯಂಗೆ ಬಂದರೆ ಈ ದಾರಿಯೂ ಅರ್ಧಕ್ಕೆ ಮುಚ್ಚುತ್ತದೆ. ಮೊದಲ ಮೆಟ್ಟಿಲಿನಿಂದ ಇಳಿಯುವ ಯುರೇನಿಯಂ ನ್ಯೂಕ್ಲಿಯಸ್ಸು ಆ 45 ಕಿಲೋವನ್ನು ಗಾಮಾ ಆಗಿ ಬಿಡುವುದು ನೂರಾರು ಸಲಕ್ಕೆ ಒಮ್ಮೆ. ಉಳಿದೆಲ್ಲ ಸಲ ಅದನ್ನು ತನ್ನದೇ ಪರಮಾಣುವಿನ ಎಲೆಕ್ಟ್ರಾನ್‌ಗೆ ಕೊಟ್ಟು ಅದನ್ನು ಹೊರಗೆ ತಳ್ಳುತ್ತದೆ. ಅಪರೂಪಕ್ಕೆ ಬಂದ ಗಾಮಾವನ್ನೂ ಯುರೇನಿಯಂ ತುಂಡೇ ಹೀರಿಕೊಳ್ಳುತ್ತದೆ. ಹಾಗಾಗಿ ಮೇಲಿನ ಮೆಟ್ಟಿಲುಗಳ ಗಾಮಾಗಳನ್ನು ಅಳೆದು, ಕೆಳಗಿನದರ ಬಗ್ಗೆ ಸಿದ್ಧಾಂತದ ನೆರವಿನಿಂದ ತೀರ್ಮಾನಕ್ಕೆ ಬರಬೇಕಾಗುತ್ತದೆ. ಸ್ಟ್ರಾಸ್‌ಬರ್ಗ್‌ನ ತಂಡವೊಂದು ಗೀಲ್‌ನಲ್ಲಿಯೇ ವರ್ಷಗಟ್ಟಲೆ ಹೀಗೆ ಯುರೇನಿಯಂ-238ರ ಗಾಮಾಗಳನ್ನು ಅಳೆದು 2021ರಲ್ಲಿ ಪ್ರಕಟಿಸಿತು. ಈ ಎಲ್ಲದರ ಮೇಲೆ ತಿದ್ದುಪಡಿಗಳು: ಒಂದೇ ನ್ಯೂಟ್ರಾನ್ ತುಂಡಿನೊಳಗೆ ಎರಡು ಮೂರು ಸಲ ಚದರಿರಬಹುದು, ಕೋಣೆಯ ಗೋಡೆಗೆ ತಾಗಿ ಬಂದಿರಬಹುದು, ಬಿದ್ದ ನ್ಯೂಟ್ರಾನ್‌ಗಳ ಒಟ್ಟು ಎಣಿಕೆಯಲ್ಲೇ ಒಂದೆರಡು ಶೇಕಡಾ ಅನುಮಾನ ಇರಬಹುದು.

ಇಷ್ಟು ಕಷ್ಟವಿದ್ದರೆ ಕಂಪ್ಯೂಟರಿನಿಂದ ಲೆಕ್ಕ ಹಾಕಿಬಿಡಬಾರದೇ ಎಂಬುದು ಎರಡನೆಯ ಆಕ್ಷೇಪ. ಲೆಕ್ಕ ಹಾಕುವ ಸಿದ್ಧಾಂತ ಇದೆ, ಒಳ್ಳೆಯದೇ ಇದೆ. 1952ರಲ್ಲಿ ಹೌಸರ್ ಮತ್ತು ಫೆಶ್‌ಬಾಕ್ ಕೊಟ್ಟ ಸಂಖ್ಯಾಶಾಸ್ತ್ರೀಯ ಸಿದ್ಧಾಂತದ ಪ್ರಕಾರ, ನ್ಯೂಟ್ರಾನನ್ನು ಒಳಗೊಂಡ ಬೆರಕೆ ನ್ಯೂಕ್ಲಿಯಸ್ಸು ತಾನು ಹೇಗೆ ಹುಟ್ಟಿತೆಂಬುದನ್ನು ಮರೆತು, ತೆರೆದಿರುವ ಬಾಗಿಲುಗಳ ಮೂಲಕ ಅವವುಗಳ ಸುಲಭತೆಗೆ ತಕ್ಕಂತೆ ಹೊರಬೀಳುತ್ತದೆ. ಬಾಗಿಲುಗಳು ಸಾವಿರಾರು ಇದ್ದಾಗ ಇದು ಚೆನ್ನಾಗಿ ಒಪ್ಪುತ್ತದೆ. ಕಡಿಮೆ ಶಕ್ತಿಯಲ್ಲಿ ತೆರೆದ ಬಾಗಿಲುಗಳೇ ಎರಡು ಮೂರು. ಆಗ ಬಂದ ಬಾಗಿಲಿಗೂ ಹೋಗುವ ಬಾಗಿಲಿಗೂ ಇರುವ ನಂಟು ಮರೆಯುವುದಿಲ್ಲ, ತಿದ್ದುಪಡಿ ಬೇಕಾಗುತ್ತದೆ. ಯುರೇನಿಯಂ, ಥೋರಿಯಂಗಳ ನ್ಯೂಕ್ಲಿಯಸ್ಸು ಗುಂಡಗಿಲ್ಲ, ಉದ್ದುದ್ದ. ನ್ಯೂಟ್ರಾನ್ ಒಳಗೆ ಹೋಗದೆಯೇ ಅದನ್ನು ತಿರುಗಿಸಿ ಮೊದಲ ಮೆಟ್ಟಿಲಿಗೆ ಏರಿಸಬಲ್ಲದು. ಈ ನೇರ ತಿರುಗಿಸುವಿಕೆಯೂ ಬೆರಕೆ ದಾರಿಯೂ ಒಂದಕ್ಕೊಂದು ಹೆಣೆದುಕೊಂಡಾಗ ಹೇಗೆ ಲೆಕ್ಕ ಹಾಕಬೇಕೆಂದು ಎಂಗೆಲ್‌ಬ್ರೆಕ್ಟ್ ಮತ್ತು ವೈಡೆನ್‌ಮ್ಯೂಲರ್ 1973ರಲ್ಲೇ ತೋರಿಸಿದರು. ಅದನ್ನು ರಿಯಾಕ್ಟರ್ ದತ್ತಾಂಶದ ಲೆಕ್ಕಗಳಲ್ಲಿ ಪೂರ್ತಿಯಾಗಿ ಅಳವಡಿಸಿ, ಕಡಿಮೆ ಶಕ್ತಿಯಲ್ಲಿ ಅಸ್ಥಿತಿಸ್ಥಾಪಕ ಅಂಕಿ ಮೇಲಕ್ಕೆ ಸರಿಯುತ್ತದೆಂದು ತೋರಿಸುವ ಹೊತ್ತಿಗೆ 2010ರ ದಶಕ ಬಂದಿತ್ತು. ನಾಲ್ಕು ದಶಕ ಸಿದ್ಧಾಂತ ಗೊತ್ತಿದ್ದೂ ಲೆಕ್ಕ ಹಳೆಯ ಜಾಡಿನಲ್ಲೇ ನಡೆಯಿತು, ಏಕೆಂದರೆ ಎಡವಟ್ಟನ್ನು ಎತ್ತಿ ತೋರಿಸುವಷ್ಟು ಚೂಪಾದ ಅಳತೆ ಎದುರಿಗೆ ಇರಲಿಲ್ಲ. ಸಿದ್ಧಾಂತ ಅಳತೆಗೆ ಬದಲಿ ಆಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು, ಇದನ್ನು ಎತ್ತುವವರು ಬಲ್ಲವರು. ಬಿಡಿ ಅಂಕಿಗಳ ಚಿಂತೆ ಏಕೆ, ಇಡೀ ರಿಯಾಕ್ಟರಿನ ವರ್ತನೆಯನ್ನೇ ಅಳೆದು ಲೆಕ್ಕದೊಂದಿಗೆ ಹೋಲಿಸಿದರೆ ಸಾಕಲ್ಲ ಎನ್ನುತ್ತಾರೆ. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಸಹಜ ಯುರೇನಿಯಂ ಹೊದಿಕೆಯ ಫ್ಲಾಟ್‌ಟಾಪ್, ಯುರೇನಿಯಂ-235ರ ಪಾಲು ಕಡಿಮೆ ಇರುವ ಬಿಗ್ ಟೆನ್ ಎಂಬ ಪ್ರಾಯೋಗಿಕ ಜೋಡಣೆಗಳಿದ್ದವು. ಅವು ಯಾವ ಗಾತ್ರಕ್ಕೆ ಸರಪಳಿ ಕ್ರಿಯೆ ಹಿಡಿಯುತ್ತವೆಂಬುದು ಅತಿ ನಿಖರವಾಗಿ ಗೊತ್ತು. ಲೆಕ್ಕ ಅವನ್ನು ಸರಿಯಾಗಿ ಹೇಳಿದರೆ ಅಂಕಿಗಳೂ ಸರಿ ಎಂಬ ವಾದ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಬ್ಬು ಬೆಳೆಗಾರರಿಗೆ ಈ ವಾದದ ಬಿರುಕು ಬೇಗ ಹೊಳೆಯುತ್ತದೆ. ಗೋದಾಮಿಗೆ ಬಂದ ಸಕ್ಕರೆ ಎಂದರೆ ಕಾಟಾದ ಮೇಲಿನ ಕಬ್ಬಿನ ತೂಕ ಗುಣಿಸು ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪಾಲು. ಕಾಟಾ ಐದು ಶೇಕಡಾ ಹೆಚ್ಚು ತೋರಿಸಿ ರಿಕವರಿಯನ್ನು ಅಷ್ಟೇ ಕಡಿಮೆ ಬರೆದರೂ ಮೂಟೆಗಳ ಲೆಕ್ಕ ಸರಿಹೋಗುತ್ತದೆ, ಪುಸ್ತಕದಲ್ಲಿ ತಪ್ಪು ಕಾಣುವುದಿಲ್ಲ. ಮುಂದಿನ ಹಂಗಾಮಿಗೆ ಬೇರೆ ತಳಿ ಬಂದು ರಿಕವರಿಯನ್ನು ಹೊಸದಾಗಿ ಸರಿಯಾಗಿ ಪರೀಕ್ಷಿಸಿದರೆ ಆಗ ಗೋದಾಮು ಖಾಲಿ ಹೊಡೆಯುತ್ತದೆ. ನ್ಯೂಟ್ರಾನ್ ಲೆಕ್ಕದಲ್ಲೂ ನಡೆದಿರುವುದು ಇದೇ. ಅಮೆರಿಕ, ಯುರೋಪ್, ಜಪಾನ್‌ಗಳು ಬೇರೆ ಬೇರೆಯಾಗಿ ತಯಾರಿಸಿದ ದತ್ತಾಂಶ ಭಂಡಾರಗಳಲ್ಲಿ ಯುರೇನಿಯಂ-238ರ ಅಸ್ಥಿತಿಸ್ಥಾಪಕ ಅಂಕಿಗಳು ಕೆಲವು ಶಕ್ತಿಗಳಲ್ಲಿ ಎದ್ದುಕಾಣುವಷ್ಟು ಬೇರೆಯಾಗಿದ್ದವು. ಆದರೂ ಪ್ರತಿಯೊಂದು ಭಂಡಾರವೂ ಇಡೀ ಜೋಡಣೆಯ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಒಂದರಲ್ಲಿ ಹೆಚ್ಚಾದದ್ದನ್ನು ವಿದಳನ ನ್ಯೂಟ್ರಾನ್‌ಗಳ ಶಕ್ತಿಯ ಹಂಚಿಕೆಯೋ ಸ್ಥಿತಿಸ್ಥಾಪಕ ಅಂಕಿಯೋ ಒಳಗೊಳಗೇ ಸರಿದೂಗಿಸುತ್ತಿತ್ತು. ಪರೀಕ್ಷಿಸಿದ ಜೋಡಣೆಗೆ ಸರಿಹೊಂದಿಸಿದ ಅಂಕಿ ಆ ಜೋಡಣೆಗಷ್ಟೇ ಭರವಸೆ ಕೊಡುತ್ತದೆ. ಸೋಡಿಯಂ ತುಂಬಿದ, ಪ್ಲುಟೋನಿಯಂ ಬೆರೆಸಿದ, ನಾಳೆ ಥೋರಿಯಂ ಹೊದಿಸುವ ರಿಯಾಕ್ಟರಿಗೆ ಅಲ್ಲ.

ಇದು ನನ್ನೊಬ್ಬನ ಆತಂಕವಲ್ಲ. ಮುಂದುವರಿದ ದೇಶಗಳ ನ್ಯೂಕ್ಲಿಯರ್ ಎನರ್ಜಿ ಏಜೆನ್ಸಿಯ ತಜ್ಞರ ಗುಂಪೊಂದು 2008ರಲ್ಲಿ ಹೊಸ ಬಗೆಯ ರಿಯಾಕ್ಟರುಗಳಿಗೆ ಯಾವ ಅಂಕಿ ಎಷ್ಟು ನಿಖರವಾಗಿರಬೇಕೆಂದು ಲೆಕ್ಕ ಹಾಕಿತು. ಯುರೇನಿಯಂ-238ರ ಅಸ್ಥಿತಿಸ್ಥಾಪಕ ಚದರಿಕೆಯಲ್ಲಿ ಆಗ ಇದ್ದ ಅನಿಶ್ಚಿತತೆ ಶೇಕಡಾ 10ರಿಂದ 20. ಬೇಕಾದದ್ದು 2–3ರ ಆಸುಪಾಸು. ಆಮೇಲೆ 2013ರ ಹೊತ್ತಿಗೆ ಹಲವು ದೇಶಗಳು ಸೇರಿ ಹೈಡ್ರೋಜನ್, ಆಮ್ಲಜನಕ, ಕಬ್ಬಿಣ, ಎರಡು ಬಗೆಯ ಯುರೇನಿಯಂ (235 ಮತ್ತು 238), ಪ್ಲುಟೋನಿಯಂ ಈ ಆರನ್ನು ಮಾತ್ರ ಹಿಡಿದು ಬುಡದಿಂದ ತಿದ್ದುವ ಕೆಲಸಕ್ಕೆ ಕೈಹಾಕಿದವು. ಅದರ ಫಲ 2018ರ ಅಮೆರಿಕದ ಭಂಡಾರದಲ್ಲಿ ಸೇರಿತು. ಪಟ್ಟಿಯನ್ನು ಮತ್ತೊಮ್ಮೆ ಓದಿ. ಥೋರಿಯಂ ಇಲ್ಲ, ಥೋರಿಯಂನಿಂದ ಹುಟ್ಟುವ ಯುರೇನಿಯಂ-233 ಇಲ್ಲ.

ಹೊರದೇಶದವರು ಹೇಗೂ ಅಳೆಯುತ್ತಾರೆ, ನಾವು ಅವರ ಅಂಕಿ ಬಳಸಿದರಾಯಿತು ಎನ್ನುವವರಿಗೆ ಉತ್ತರ ಈ ಪಟ್ಟಿಯಲ್ಲೇ ಇದೆ. ಅವರು ಅಳೆಯುವುದು ತಮಗೆ ಬೇಕಾದದ್ದನ್ನು. ಕೇರಳ, ತಮಿಳುನಾಡು, ಒಡಿಶಾ, ಆಂಧ್ರದ ಕಡಲ ಮರಳಿನಲ್ಲಿ ಥೋರಿಯಂ ರಾಶಿ ಇರುವುದು ನಮ್ಮಲ್ಲಿ. ಹೋಮಿ ಭಾಭಾ 1950ರ ದಶಕದಲ್ಲೇ ಹಾಕಿದ ಮೂರು ಹಂತದ ಯೋಜನೆಯ ಕೊನೆಯ ಹಂತ ನಿಂತಿರುವುದು ಅದರ ಮೇಲೆ. ಥೋರಿಯಂನ ಕಡಿಮೆ ಮೆಟ್ಟಿಲುಗಳ ಮೇಲೆ ಹಿಂದೆ ನಡೆದ ಗಟ್ಟಿ ಕೆಲಸವೊಂದು ಅಮೆರಿಕದ ಲೊವೆಲ್ ವಿಶ್ವವಿದ್ಯಾಲಯದ್ದು. ಹಳೆಯ ಬಟ್ಟೆ ಗಿರಣಿಗಳ ಆ ಊರಿನಲ್ಲಿ, 5.5 ಮೆಗಾವೋಲ್ಟಿನ ಒಂದು ವ್ಯಾನ್ ಡಿ ಗ್ರಾಫ್ ವೇಗವರ್ಧಕ ಇಟ್ಟುಕೊಂಡು, ವಿದ್ಯಾರ್ಥಿಗಳೂ ಅಧ್ಯಾಪಕರೂ 1980ರ ದಶಕದಲ್ಲಿ ಯುರೇನಿಯಂ, ಥೋರಿಯಂಗಳ ಮೆಟ್ಟಿಲು ಮೆಟ್ಟಿಲಿನ ಅಂಕಿಗಳನ್ನು ಅಳೆದರು. ದೊಡ್ಡ ರಾಷ್ಟ್ರೀಯ ಪ್ರಯೋಗಾಲಯವೇ ಬೇಕೆಂದೇನೂ ಇರಲಿಲ್ಲ. ನಮಗೂ ಪರಂಪರೆ ಇಲ್ಲದಿಲ್ಲ. ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ 1974ರ ಪೋಖ್ರಾನ್ ಅಣುಪರೀಕ್ಷೆಯಿಂದ ಹೆಸರಾದರೂ, ಅವರ ಮೊದಲ ವರ್ಷಗಳ ಕೆಲಸಗಳಲ್ಲಿ ಒಂದು, ಮಿಡಿತದ ನ್ಯೂಟ್ರಾನ್ ಆಕರವನ್ನು ಬಳಸಿ ಸಾದಾ ನೀರಿನಲ್ಲಿ ಮತ್ತು ಬೆರಿಲಿಯಂ ಆಕ್ಸೈಡ್‌ನಲ್ಲಿ ನ್ಯೂಟ್ರಾನ್‌ಗಳು ಹೇಗೆ ನಿಧಾನಿಸುತ್ತವೆ, ಹೇಗೆ ಹರಡುತ್ತವೆ ಎಂದು ಅಳೆದದ್ದು. 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಹೊತ್ತಿಕೊಂಡ ಕಾಲದ ತಂಡ ಅದು. ಆಗ ಅವರು ಬೇರೆಯವರ ಪುಸ್ತಕದ ಅಂಕಿಯಿಂದ ತೃಪ್ತರಾಗಲಿಲ್ಲ.

ಅಣುಶಕ್ತಿಯೇ ಬೇಡ ಎನ್ನುವವರ ಮಾತನ್ನೂ ಇಲ್ಲಿ ಕೇಳಬೇಕು. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿದರು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಕೈಗಾದ ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿದ್ದಾಗ, ಆ ಸಂಶಯಕ್ಕೆ ಆಧಾರವಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಬೇಕಾಯಿತು. ರಿಯಾಕ್ಟರ್ ಬೇಡವೆಂದ ಮೇಲೆ ಅದರ ಅಂಕಿ ಏಕೆ ಎಂದು ಇವರು ಕೇಳಬಹುದು. ಆದರೆ ಬಹಿರಂಗವಾಗಿ ಅಳೆದ ಅಂಕಿ ಕಟ್ಟುವವನಿಗೆ ಎಷ್ಟು ಬೇಕೋ ಪ್ರಶ್ನಿಸುವವನಿಗೂ ಅಷ್ಟೇ ಬೇಕು. ಜಗತ್ತಿನ ಪ್ರಯೋಗಗಳ ಫಲಿತಾಂಶಗಳು ವಿಯೆನ್ನಾದ ಅಂತರರಾಷ್ಟ್ರೀಯ ಸಂಸ್ಥೆಯ ಮೂಲಕ ಎಕ್ಸ್‌ಫಾರ್ ಎಂಬ ಭಂಡಾರದಲ್ಲಿ ಎಲ್ಲರಿಗೂ ತೆರೆದಿವೆ. ಧಾರವಾಡದ ವಿದ್ಯಾರ್ಥಿಯೂ ಕಾರವಾರದ ಹೋರಾಟಗಾರನೂ ಒಂದೇ ಕೋಷ್ಟಕ ತೆಗೆದು ಓದಬಹುದು. ಒಳಗೊಳಗೇ ಹೊಂದಿಸಿಕೊಂಡ ಅಂಕಿಯನ್ನು ಪ್ರಶ್ನಿಸಲು ಹೊರಗಿನವನಿಗೆ ಹಿಡಿಯೇ ಸಿಗುವುದಿಲ್ಲ. ಸೋಡಿಯಂ ಖಾಲಿಯಾದರೆ ಏನಾಗುತ್ತದೆ ಎಂದು ಕೇಳುವ ನಾಗರಿಕನಿಗೆ ಕೊಡುವ ಉತ್ತರದಲ್ಲಿ ಎಷ್ಟು ಭಾಗ ಅಳೆದದ್ದು, ಎಷ್ಟು ಭಾಗ ಅಂದಾಜು ಎಂದು ಬಿಡಿಸಿ ಹೇಳುವ ಸ್ಥಿತಿ ಇರಬೇಕು.

ಉಳಿದದ್ದು ಖರ್ಚಿನ ಮಾತು, ಯಾರು ಮಾಡುತ್ತಾರೆ ಎಂಬ ಮಾತು. ಅನಿಶ್ಚಿತತೆಗೂ ಬೆಲೆ ಇದೆ: ಗೊತ್ತಿಲ್ಲದ್ದಕ್ಕೆ ಅಂಚು ಬಿಡಬೇಕು, ಅಂಚು ಎಂದರೆ ಹೆಚ್ಚಿನ ಇಂಧನ, ದಪ್ಪನೆಯ ಕವಚ, ಕಡಿಮೆ ಮಾಡಿದ ಉತ್ಪಾದನೆ. ಅದಕ್ಕೆ ಹೋಲಿಸಿದರೆ ಅಳತೆಯ ವೆಚ್ಚ ಚಿಕ್ಕದು, ಸಲಕರಣೆಯ ಒಂದಿಷ್ಟು ಭಾಗ ಈಗಾಗಲೇ ದೇಶದಲ್ಲಿದೆ. ಟ್ರಾಂಬೆಯ 6 ಮೆಗಾವೋಲ್ಟಿನ ಫೋಟಿಯಾ ವೇಗವರ್ಧಕದಲ್ಲಿ ಲಿಥಿಯಂ ಮೇಲೆ ಪ್ರೋಟಾನ್ ಬಡಿಸಿ ವೇಗದ ನ್ಯೂಟ್ರಾನ್ ಹುಟ್ಟಿಸುವುದು ರೂಢಿಯಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಗಾಮಾ ಕಿರಣಗಳ ಅಳತೆಯಲ್ಲಿ ಹಳೆಯ ಅಭ್ಯಾಸವಿದೆ. ಮಂಗಳೂರು ವಿಶ್ವವಿದ್ಯಾಲಯದ 8 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಮೈಕ್ರೋಟ್ರಾನ್ ವೇಗವರ್ಧಕ ಈ ಅಳತೆಗೆ ಒಪ್ಪದು, ಅದರ ಮಿಡಿತ ಮೈಕ್ರೋಸೆಕೆಂಡ್ ಮಟ್ಟದ್ದು, ನಮಗೆ ಬೇಕಾದದ್ದು ನ್ಯಾನೋ. ಆದರೆ ಗ್ರಾಹಕಗಳನ್ನು ಪಳಗಿಸಲು, ವಿದ್ಯಾರ್ಥಿಗಳನ್ನು ತಯಾರು ಮಾಡಲು ಒಳ್ಳೆಯ ಜಾಗ. ಮಣಿಪಾಲದ ಸಂಖ್ಯಾಶಾಸ್ತ್ರ ವಿಭಾಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ ಜೊತೆಗೂಡಿ ಕೆಲಸ ಮಾಡಿದ್ದು ನ್ಯೂಕ್ಲಿಯರ್ ದತ್ತಾಂಶದ ತಪ್ಪುಗಳ ಪರಸ್ಪರ ನಂಟಿನ ಮೇಲೆ, ಅಂದರೆ ಕೋವೇರಿಯನ್ಸ್ ಮೇಲೆ. ನನ್ನ ಮಟ್ಟಿಗೆ ಈ ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಬಿದ್ದ ನ್ಯೂಟ್ರಾನ್‌ಗಳ ಎಣಿಕೆ ಎರಡು ಶೇಕಡಾ ತಪ್ಪಿದ್ದರೆ ಆ ತಪ್ಪು ಎಲ್ಲ ಶಕ್ತಿಗಳ ಅಂಕಿಗಳನ್ನೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ, ಎಣಿಕೆಯ ಏರಿಳಿತದ ತಪ್ಪು ಹಾಗಲ್ಲ, ಒಂದೊಂದು ಬಿಂದುವಿಗೆ ಬೇರೆ ಬೇರೆ. ಇವೆರಡನ್ನೂ ಬೆರೆಸಿ ಒಂದೇ ಸಂಖ್ಯೆಯಾಗಿ ಬರೆದರೆ ರಿಯಾಕ್ಟರಿನ ಲೆಕ್ಕ ಮಾಡುವವನು ದಾರಿ ತಪ್ಪುತ್ತಾನೆ. ಹಳೆಯ ಅಳತೆಗಳಲ್ಲಿ ಬಹಳಷ್ಟು ಈಗ ಅರ್ಧ ಉಪಯೋಗಕ್ಕೆ ಬಾರದೆ ಉಳಿದಿರುವುದು ಅಂಕಿ ಕೆಟ್ಟದ್ದೆಂದಲ್ಲ, ತಪ್ಪಿನ ಬಗೆಯನ್ನು ಬಿಡಿಸಿ ಬರೆದಿಟ್ಟಿಲ್ಲವೆಂದು.

ಕೆಲಸ ಶುರುವಾಗಬೇಕಾದದ್ದು ಥೋರಿಯಂನಿಂದಲ್ಲ, ಕಬ್ಬಿಣದಿಂದ. ಕಬ್ಬಿಣದ ಹೊಸ್ತಿಲು 862 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ: 847ರ ಮೆಟ್ಟಿಲಿನ ಜೊತೆಗೆ ಹಿಮ್ಮೆಟ್ಟುವ ನ್ಯೂಕ್ಲಿಯಸ್ಸಿಗೆ ಕೊಡಬೇಕಾದ ಪಾಲು ಸೇರಿ. ಅದರ ಗಾಮಾ ಗೆರೆ ಒಂಟಿಯಾಗಿ ನಿಂತಿರುತ್ತದೆ, ಹೋಲಿಸಲು ಗೀಲ್‌ನ ಅಂಕಿಗಳಿವೆ. ಅಲ್ಲಿಯ ಏರುಪೇರನ್ನು ನಮ್ಮ ಶಕ್ತಿಯ ಹರವಿಗೆ ಸರಾಸರಿ ಮಾಡಿ ನೋಡಿದಾಗ ನಮ್ಮ ಅಂಕಿ ಐದು ಶೇಕಡಾದೊಳಗೆ ಕೂಡಿಬಂದರೆ ಗ್ರಾಹಕ, ಎಣಿಕೆ, ತಿದ್ದುಪಡಿ ಮೂರೂ ನೆಟ್ಟಗಿವೆ ಎಂದರ್ಥ. ಕೂಡದಿದ್ದರೆ ಎಲ್ಲಿ ಎಡವಿದೆವೆಂದು ಹುಡುಕಲು ಸುಲಭ. ಆಮೇಲೆ ಥೋರಿಯಂ. ಅದರ 49ರ ಗೆರೆಯೂ ಯುರೇನಿಯಂನದರಂತೆಯೇ ಎಲೆಕ್ಟ್ರಾನ್‌ಗಳ ಪಾಲಾಗುತ್ತದೆ, ಹಾಗಾಗಿ ಮೊದಲ ಮೆಟ್ಟಿಲಿಗೆ ಓಟದ ಹೊತ್ತು, 162ರ ಎರಡನೆಯ ಮೆಟ್ಟಿಲಿನಿಂದ ಮೇಲಕ್ಕೆ ಗಾಮಾ, ಎರಡೂ ಒಂದೇ ಯಂತ್ರದ ಮುಂದೆ, ಒಂದೇ ತುಂಡಿನ ಮೇಲೆ ನಡೆಯಬೇಕು. ತುಂಡಿನಲ್ಲಿ ಥೋರಿಯಂನ ಮರಿಧಾತುಗಳು ತಾವೇ ಬಿಡುವ ಗಾಮಾಗಳೂ ಇರುತ್ತವೆ. ಯಂತ್ರ ನಿಂತಿರುವಾಗ ಅವನ್ನು ಬೇರೆಯಾಗಿ ಅಳೆದು ಕಳೆಯಬೇಕಾಗುತ್ತದೆ.